ತರೀಕೆರೆಗೆ ಹೋದ ಶಾಲು

ತೀರಿಕೊಂಡವರನ್ನು ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಮ್ಮನೆಯವರನ್ನು ಕಡೂರಿನ ಮನೆಯ ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದೆವು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಹಾಗೆ ಕೂತರೂ ಎತ್ತರವಾಗಿಯೇ ಕಾಣುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತರೀಕೆರೆ ಕಡೆಯ ಒಬ್ಬ ಮುದುಕರು ಸ್ಟೇಷನ್ನಿನಿಂದ ನಡೆದುಕೊಂಡು ಬಂದರು. ಕೈಯಲ್ಲಿ ಕೋಲು, ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಕವರಿನೊಳಗಿಂದ ಒಂದು ಶಾಲು ತೆಗೆದರು. ಅರಿಶಿನ ಬಣ್ಣ, ಕೆಂಪು ಅಂಚು. ಆ ಶಾಲನ್ನು ನಾನು ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೂ ಕಂಡ ತಕ್ಷಣ ಗುರುತು ಸಿಕ್ಕಿತು.

"ತಾಯಿ, ಇದನ್ನ ಅವ್ನಿಗೆ ಹೊದಿಸ್ಲಾ?" ಎಂದರು.

ನನ್ನ ಸೋದರಮಾವ ಪಕ್ಕದಲ್ಲೇ ನಿಂತಿದ್ದರು. ಅವರು ನನ್ನ ಮುಖ ನೋಡಿದರು.

"ಬೇಡ. ತಗೊಂಡೋಗಿ," ಎಂದೆ.

ಮುದುಕರು ಇನ್ನೊಂದು ಸಲ ಕೇಳಲಿಲ್ಲ. ಶಾಲನ್ನು ಇದ್ದ ಮಡಿಕೆಯಲ್ಲೇ ಮಡಚಿ ಕವರಿಗೆ ಹಾಕಿಕೊಂಡು, ಗೇಟಿನ ಹೊರಗೆ ಹೋಗಿ ಬಿಸಿಲಲ್ಲಿ ನಿಂತರು. ಮಾವ ತಾವು ತಂದಿದ್ದ ಬೇರೆ ಹೊಸ ಶಾಲನ್ನು ಬಿಚ್ಚಿ ನಮ್ಮನೆಯವರಿಗೆ ಹೊದಿಸಿದರು. ನನಗೆ ಆ ಹೊತ್ತಿನಲ್ಲಿ ಅಯ್ಯೋ ಎನ್ನಿಸಲಿಲ್ಲ. ಒಂದು ಥರದ ತೃಪ್ತಿಯೇ ಆಯಿತು. ಅದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದೂ ಸುಳ್ಳಾಗುತ್ತದೆ ಎಂದು ಮೊದಲೇ ಬರೆದಿದ್ದೇನೆ.

ನಮ್ಮನೆಯವರು ಹುಟ್ಟಿದ್ದು ಹಿರೇನಲ್ಲೂರಿನಲ್ಲಿ. ಕಡೂರಿನ ಬಿ.ಎಚ್. ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದರು. ರಾತ್ರಿ ಹಗಲು ಲಾರಿ ಓಡುವ ರಸ್ತೆ, ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೆ ಊರಿನವರಿಗೆ ಅವರು ಗೊತ್ತಿದ್ದದ್ದು ಅಂಗಡಿಯಿಂದಲ್ಲ, ಬ್ಯಾಸ್ಕೆಟ್‌ಬಾಲ್‌ನಿಂದ. ಹೈಸ್ಕೂಲ್ ಮೈದಾನದ ಮೂಲೆಯಲ್ಲಿ ಒಂದು ಸಿಮೆಂಟ್ ಕೋರ್ಟು ಇದೆ. ಅದಕ್ಕೆ ಸಿಮೆಂಟ್ ಹಾಕಿಸಿದವರು ನನ್ನ ಸೋದರಮಾವ. ಮಾವನದು ಕೊಬ್ಬರಿ ಮಂಡಿ. ಊರಿನ ಟೀಮಿಗೆ ಅವರೇ ಹಿರಿಯರು. ಚೆಂಡು ತರಿಸುವುದರಿಂದ ಹಿಡಿದು ಹುಡುಗರಿಗೆ ಬನಿಯನ್ ಹೊಲಿಸುವವರೆಗೆ ಎಲ್ಲ ಅವರ ಮಾತಿನಂತೆ ನಡೆಯುತ್ತಿತ್ತು.

ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದರು. ಅಜ್ಜಂಪುರದಲ್ಲಿ ಅಮ್ಮ ಒಬ್ಬಳೇ. ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದು, ನನಗೆ ಗಂಡು ನೋಡಿದ್ದು, ಮದುವೆ ಮಾಡಿದ್ದು ಎಲ್ಲ ಮಾವನೇ. "ನನ್ ಟೀಮ್‌ನಾಗೆ ಇವನಷ್ಟು ನಿಯತ್ತಿನೋನು ಇನ್ನೊಬ್ನಿಲ್ಲ ಕಣೇ ಮಗಾ," ಎಂದು ಹೇಳಿ ಒಪ್ಪಿಸಿದರು. ಮುಂದೆ ಆ ನಿಯತ್ತೇ ಮಾವನನ್ನು ಸುಟ್ಟಿತು.

ಕಡೂರಿಗೂ ತರೀಕೆರೆಗೂ ಆಟದಲ್ಲಿ ಹಳೆಯ ಜಗಳ. ಯಾಕೆ ಶುರುವಾಯಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತರೀಕೆರೆಯ ಟೀಮಿನಲ್ಲಿ ಇಬ್ಬರು ಇದ್ದರು, ಒಬ್ಬರು ಉದ್ದ, ಒಬ್ಬರು ಗಿಡ್ಡ. ಉದ್ದನೆಯವರು ಅಮೃತಾಪುರದವರು, ಗಿಡ್ಡನೆಯವರು ತರೀಕೆರೆ ಪೇಟೆಯವರು. ನನ್ನ ಮದುವೆಯ ಹೊತ್ತಿಗೆ ಇಬ್ಬರಿಗೂ ನಲವತ್ತರ ಹತ್ತಿರ. ಆದರೂ ಅವರಿದ್ದ ಕಡೆ ಕಡೂರು ಗೆದ್ದ ಉದಾಹರಣೆ ಕಡಿಮೆ. ನಮ್ಮೂರಿನವರು ಉದ್ದನೆಯವರನ್ನು ಏಣಿ ಎನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಆ ಇಬ್ಬರ ಆಟವನ್ನು ನಾನು ನೋಡಿದ್ದು ನಮ್ಮ ಕೋರ್ಟಿನಲ್ಲೇ. ಅತ್ತೆ, ಅಂದರೆ ಮಾವನ ಹೆಂಡತಿ, ನನ್ನನ್ನು ಕಾಂಪೌಂಡ್ ಗೋಡೆಯ ಪಕ್ಕ ಕೂರಿಸಿಕೊಂಡಿದ್ದರು. ಜನ ಆಟ ಶುರುವಾಗುವ ಮೊದಲೇ ಬೈಯಲು ಶುರು ಮಾಡಿದ್ದರು.

"ಲೇ ಏಣಿ, ಕಾಯಿ ಕೀಳಾಕ್ ಬಂದ್ಯೇನೋ? ಮರಕ್ಕೆ ಎಷ್ಟು ತಗಂತೀಯಾ?"

ಉತ್ತರ ಕೊಟ್ಟವರು ಗಿಡ್ಡನೆಯವರು. "ನಿಮ್ಮೂರಾಗೆ ಕಾಯಿ ಎಲ್ಲೈತೆ ಮಾರಾಯ, ಬರೀ ಚಿಪ್ಪು! ಅದುಕ್ಕೆ ಏಣಿ ಬೇರೆ ಬೇಕಾ?"

ನಮ್ಮ ಕಡೆಯವರಿಗೇ ನಗು ತಡೆಯಲಾಗಲಿಲ್ಲ. ಮಾವ ಮಾತ್ರ ನಗಲಿಲ್ಲ.

ಆ ಇಬ್ಬರಲ್ಲಿ ಒಂದು ಅಭ್ಯಾಸವಿತ್ತು. ಚೆಂಡು ಗೆರೆಯಾಚೆ ಹೋದಾಗ ಕೊನೆಗೆ ಯಾರ ಕೈ ತಾಗಿತ್ತು ಎಂದು ರೆಫರಿ ಹೇಳಬೇಕು. ಎದುರು ಪಕ್ಷದವರ ಕೈ ತಾಗಿದ್ದರೆ ಚೆಂಡು ನಮಗೆ. ಎಷ್ಟೋ ಸಲ ಅದು ರೆಫರಿಗೆ ಕಾಣಿಸುವುದಿಲ್ಲ. ಆಗ ಎಲ್ಲರೂ ಅವನದು, ಅವನದು ಎಂದು ಬೆರಳು ತೋರಿಸಿ ಕೂಗುತ್ತಾರೆ. ಈ ಇಬ್ಬರು ಮಾತ್ರ ತಮ್ಮ ಕೈ ತಾಗಿದ್ದರೆ ರೆಫರಿ ಸೀಟಿ ಊದುವ ಮೊದಲೇ ಒಂದು ಕೈ ಮೇಲೆತ್ತಿ ನಿಂತುಬಿಡುತ್ತಿದ್ದರು. ಚೆಂಡು ತಮ್ಮ ಕೈ ತಪ್ಪಿ ಹೋದರೂ ಸರಿ. ನಮ್ಮನೆಯವರು ಹದಿನೆಂಟು ವರ್ಷದವರಿದ್ದಾಗ ಮೊದಲ ಸಲ ಅದನ್ನು ನೋಡಿದರಂತೆ. ಅವತ್ತಿನಿಂದ ರೈಲು ಹತ್ತಿ ತರೀಕೆರೆಗೆ ಹೋಗಿ ಅವರ ಆಟ ನೋಡಿ ಬರುತ್ತಿದ್ದರು. ಬೋರ್ಡಿಗೆ ಬಡಿದು ರಿಂಗಿಗೆ ಬೀಳುವ ಹಾಗೆ ಚೆಂಡು ಎಸೆಯುವುದನ್ನು ಗಿಡ್ಡನೆಯವರಿಂದ ಕಲಿತರು. ಆಮೇಲೆ ಕೈ ಎತ್ತುವುದನ್ನೂ ಕಲಿತರು.

ಅವತ್ತು ಆಟ ಮುಗಿಯಲು ಇನ್ನೇನು ಕೆಲವು ಗಳಿಗೆ ಇತ್ತು. ಕಡೂರು ಒಂದು ಪಾಯಿಂಟ್ ಮುಂದೆ. ರಿಂಗಿನ ಕೆಳಗೆ ನಾಲ್ಕಾರು ಜನ ಒಟ್ಟಿಗೆ ಹಾರಿದರು, ಚೆಂಡು ಗೆರೆಯಾಚೆ ಹೋಯಿತು. ರೆಫರಿ ಕಡೂರಿಗೆ ಎಂದು ಕೈ ತೋರಿಸಿದ. ಜನ ಕುಣಿಯಲು ಎದ್ದರು. ನಮ್ಮನೆಯವರು ಕೈ ಎತ್ತಿಕೊಂಡು ನಿಂತಿದ್ದರು.

"ನನ್ ಬೆರಳು ತಾಗ್ತು ಸಾರ್," ಎಂದರು.

ರೆಫರಿಯೇ ಪೆಚ್ಚಾದ. ಚೆಂಡು ತರೀಕೆರೆಗೆ ಹೋಯಿತು, ಏಣಿಯ ಕೈಗೆ ಬಂತು, ರಿಂಗಿಗೆ ಬಿತ್ತು. ಕಡೂರು ಸೋತಿತು.

ಗೋಡೆಯ ಮೇಲೆ ಕೂತಿದ್ದ ಒಬ್ಬ ಕೂಗಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಹೆಂಡ್ತಿ ಅಜ್ಜಂಪುರದೋಳು ಕಣ್ರೋ! ಅಜ್ಜಂಪುರ ಯಾವ ತಾಲ್ಲೂಕು? ತರೀಕೆರೆ! ಮಾವನ ಮನೆ ತಾಲ್ಲೂಕಿಗೆ ಉಡುಗೊರೆ ಕೊಟ್ಟವ್ನೆ!" ಇಡೀ ಮೈದಾನ ನನ್ನ ಕಡೆ ತಿರುಗಿ ನಕ್ಕಿತು. ಅತ್ತೆ ನನ್ನ ತಲೆಯ ಮೇಲೆ ಸೆರಗು ಎಳೆದರು. ಮುಂದೆ ಎಷ್ಟೋ ವರ್ಷದ ಮೇಲೆ ಅಜ್ಜಂಪುರ ಬೇರೆ ತಾಲ್ಲೂಕಾಯಿತು. ಸುದ್ದಿ ಕೇಳಿದ ದಿನ ನಾನು ಒಬ್ಬಳೇ ಪಾಯಸ ಮಾಡಿಕೊಂಡು ತಿಂದೆ. ಯಾಕೆ ಎಂದು ಇವರು ಕೇಳಿದರು. ನಾನು ಹೇಳಲಿಲ್ಲ.

ಅವತ್ತು ಮನೆಗೆ ಬಂದ ಮೇಲೆ ನಾನು ಜಗಳ ತೆಗೆದೆ. "ರೆಫರಿಗೇ ಕಾಣದ್ದನ್ನ ನೀವ್ಯಾಕೆ ಹೇಳಬೇಕಿತ್ತು?"

"ನಂಗೆ ಕಂಡಿತ್ತಲ್ಲೇ," ಎಂದರು. ಅಷ್ಟು ಹೇಳಿ ಮೊಣಕಾಲಿನ ಗಾಯಕ್ಕೆ ಅರಿಶಿನ ಹಚ್ಚಿಕೊಳ್ಳುತ್ತಾ ಕೂತರು.

ಮಾವ ಆ ಸೋಲನ್ನು ನುಂಗಿಕೊಂಡರು. ಇವರ ಆಟ ಅಷ್ಟು ಚೆನ್ನಾಗಿತ್ತು, ಬಿಡಲು ಆಗುವಂತಿರಲಿಲ್ಲ. ಎರಡು ವರ್ಷದ ಮೇಲೆ ಇವರು ಒಬ್ಬರೇ ಅರ್ಧಕ್ಕರ್ಧ ಪಾಯಿಂಟ್ ಹಾಕಿ ತರೀಕೆರೆಯನ್ನು ಅವರ ಕೋರ್ಟಿನಲ್ಲೇ ಸೋಲಿಸಿದರು. ಕಡೂರಿಗೆ ಹುಚ್ಚು ಹಿಡಿದಂತಾಯಿತು. ಬೀರೂರಿನಿಂದಲೇ ತಮಟೆ ಬಡಿದುಕೊಂಡು ಟೀಮನ್ನು ಕರೆತಂದರು. ಆ ರಾಜ್ಯೋತ್ಸವಕ್ಕೆ ಕೋರ್ಟಿನಲ್ಲೇ ಶಾಮಿಯಾನ ಹಾಕಿ ಇವರಿಗೆ ಸನ್ಮಾನ ಇಟ್ಟರು. ಮಾವ ಚಿಕ್ಕಮಗಳೂರಿಗೆ ಹೋಗಿ ತಾವೇ ಆರಿಸಿ ಶಾಲು ತಂದರು. ತಂದ ದಿನ ನನ್ನನ್ನು ಮನೆಗೆ ಕರೆದು ತೋರಿಸಿದರು. "ಮುಟ್ಟಿ ನೋಡು ಮಗಾ, ಉಣ್ಣೆ. ನಿನ್ ಗಂಡನ್ ಮೈಗೆ ಒಪ್ಪುತ್ತೆ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರಿಗೆ ಗಂಡು ಮಕ್ಕಳಿರಲಿಲ್ಲ.

ಸನ್ಮಾನದ ದಿನ ಏನಾಯಿತು ಎಂಬುದನ್ನು ಕಡೂರಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳುತ್ತಾರೆ. ನಾನು ಮುಂದಿನ ಸಾಲಿನಲ್ಲೇ ಇದ್ದೆ. ಮಾವ ಶಾಲು ಹೊದಿಸಿದರು, ಹಾರ ಹಾಕಿದರು. ಜನ ಚಪ್ಪಾಳೆ ಹೊಡೆದರು. ಮಾವ ಹಣ್ಣಿನ ಬುಟ್ಟಿ ತೆಗೆದುಕೊಳ್ಳಲು ತಿರುಗಿದಾಗ ಇವರು ವೇದಿಕೆಯಿಂದ ಇಳಿದರು. ನೇರ ಹಿಂದಿನ ಸಾಲಿಗೆ ನಡೆದರು. ಅಲ್ಲಿ ಆ ಉದ್ದ ಮತ್ತು ಗಿಡ್ಡ ಕೂತಿದ್ದರು. ಇವರೇ ಹೇಳಿ ಕಳಿಸಿ ಕರೆಸಿಕೊಂಡಿದ್ದರು, ನನಗೂ ಹೇಳದೆ. ಅವರ ಎದುರು ನಿಂತ ಮೇಲೆ ಇವರಿಗೆ ಇಬ್ಬರಿದ್ದಾರೆ, ಶಾಲು ಒಂದೇ ಎಂಬುದು ಹೊಳೆದಿರಬೇಕು. ಒಂದು ಗಳಿಗೆ ತಡವರಿಸಿದರು. ಆಮೇಲೆ ಶಾಲನ್ನು ಉದ್ದನೆಯವರಿಗೆ ಹೊದಿಸಿ, ಹಾರ ತೆಗೆದು ಗಿಡ್ಡನೆಯವರಿಗೆ ಹಾಕಿ, ಇಬ್ಬರ ಕಾಲು ಮುಟ್ಟಿದರು.

"ನಾನು ಗೆದ್ದಿದ್ದು ಇವರ ಆಟದಿಂದ. ಇದು ಇವರಿಗೆ ಸೇರ್ಬೇಕು," ಎಂದು ಗಟ್ಟಿಯಾಗಿಯೇ ಹೇಳಿದರು.

ಜನ ತಿರುಗಿ ನೋಡಿದರು. ಆಮೇಲೆ ಸಿಳ್ಳೆ, ಕೂಗು. ಕಿತ್ತಳೆ ಸಿಪ್ಪೆ ಬಂದು ಬಿತ್ತು. ವೇದಿಕೆಯ ಮೇಲೆ ಮಾವ ಹಣ್ಣಿನ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದರು, ಯಾರಿಗೆ ಕೊಡಬೇಕು ಎಂದು ಗೊತ್ತಾಗದೆ.

ಎಲ್ಲ ಚದುರಿದ ಮೇಲೆ ಇವರು ಮಾವನ ಹತ್ತಿರ ಹೋದರು. ಮಾವ ನಿಧಾನವಾಗಿ ಕೇಳಿದರು, "ಏನಪ್ಪಾ, ನಾನು ಹೊದಿಸಿದ್ದು ಚುಚ್ತಿತ್ತಾ?"

"ಹಂಗಲ್ಲ ಮಾವ..."

"ಮಾವ ಅನ್ಬೇಡ. ಅಲ್ಲಿ ಹಿಂದ್ಗಡೆ ಕೂತಿದ್ರಲ್ಲ, ಅವರ ಮನೇಲಿ ಹೆಣ್ಣು ಕೇಳ್ಬೇಕಿತ್ತು ನೀನು."

ಮಾವ ಒಂದೇ ಒಂದು ದಾರಿ ಬಿಟ್ಟಿದ್ದರು. ಆ ಶಾಲನ್ನು ವಾಪಸ್ ಇಸಕೊಂಡು ಬರಬೇಕು, ಊರಿನವರ ಮುಂದೆ ಮತ್ತೆ ಅವರ ಕೈಯಿಂದ ಹೊದಿಸಿಕೊಳ್ಳಬೇಕು. ನಾನು ಇವರ ಕಾಲು ಹಿಡಿದು ಕೇಳಿದೆ. ಇವರು ಮಂಡಿಯ ಬಾಗಿಲಿಗೆ ಎರಡು ಸಲ ಹೋಗಿ ತಪ್ಪಾಯಿತು ಎಂದು ಕೇಳಿ ಬಂದರು. ಶಾಲು ತರಲು ಮಾತ್ರ ಹೋಗಲಿಲ್ಲ. "ಕೊಟ್ಟಿದ್ದನ್ನ ವಾಪಸ್ ಕೇಳಾಕಾಗಲ್ಲ ಕಣೇ. ನನ್ನ ಇನ್ನೇನಾದ್ರೂ ಕೇಳು," ಎಂದರು. ನಾನು ಇನ್ನೇನನ್ನೂ ಕೇಳಲಿಲ್ಲ. ಕೇಳಲು ಬೇರೆ ಏನಿತ್ತು?

ಅಮ್ಮ ತಮ್ಮನ ಕಡೆ ನಿಂತಳು. "ಅಂತರಘಟ್ಟಮ್ಮನ ಆಣೆ, ನಿನ್ ಗಂಡ ನನ್ ತಮ್ಮನ್ ಮರ್ಯಾದೆ ವಾಪಸ್ ತರೋ ಗಂಟ ಈ ಹೊಸ್ಲು ತುಳೀಬ್ಯಾಡ," ಎಂದಳು. ಆಣೆ ಹಾಕಿದವಳು ಹಾಗೇ ಸತ್ತಳು. ಅವಳ ಮಣ್ಣಿಗೆ ಹೋದಾಗ ಮಾವ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ನಮಗೆ ಮಕ್ಕಳಾಗಲಿಲ್ಲ. ಹಬ್ಬಕ್ಕೆ ಕರೆಯುವವರಿಲ್ಲ, ಬಾಗಿನ ಕಳಿಸುವವರಿಲ್ಲ. ಒಂದೇ ಊರು, ಮಂಡಿ ನಮ್ಮ ಮನೆಯಿಂದ ಕೂಗಳತೆ ದೂರ. ಸಂತೆಯಲ್ಲಿ ಅತ್ತೆ ಎದುರಿಗೆ ಬಂದರೆ ಸೊಪ್ಪಿನ ಕಡೆ ತಿರುಗಿಕೊಳ್ಳುತ್ತಿದ್ದರು. ತರೀಕೆರೆಯ ಹೆಸರು ಕೇಳಿದರೆ ನನಗೆ ಮೈಯುರಿಯುತ್ತಿತ್ತು. ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಕಂಡರೂ ಸಾಕಿತ್ತು.

ಇವರನ್ನು ಟೀಮಿಗೆ ಮತ್ತೆ ಯಾರೂ ಕರೆಯಲಿಲ್ಲ. ಇವರು ಅದಕ್ಕೆ ಬೇಸರಪಟ್ಟಿದ್ದನ್ನು ನಾನು ಕಾಣೆ. ಹುಡುಗರು ಅಂಗಡಿಗೆ ಚೆಂಡು ತಂದರೆ ಗಾಳಿ ತುಂಬಿ, ನೆಲಕ್ಕೆ ಎರಡು ಸಲ ಬಡಿದು ನೋಡಿ ಕೊಡುತ್ತಿದ್ದರು. ರಿಂಗಿನ ಕಂಬಕ್ಕೆ ಯಾರೂ ತಲೆ ಒಡೆದುಕೊಳ್ಳದಿರಲಿ ಎಂದು ಹಳೆಯ ಟೈರುಗಳನ್ನು ಸೀಳಿ ಕಂಬದ ಸುತ್ತ ಕಟ್ಟಿದರು. ನಮ್ಮೂರಿನ ಕಂಬಕ್ಕೂ ಕಟ್ಟಿದರು, ತರೀಕೆರೆಯ ಕಂಬಕ್ಕೂ ಕಟ್ಟಿದರು. ಅದಕ್ಕೂ ನಮ್ಮೂರಿನಲ್ಲಿ ಮಾತು ಬಂತು.

ಇವರು ಹೋದದ್ದು ಯುಗಾದಿ ಕಳೆದ ಮೇಲೆ, ಒಂದು ಬೆಳಿಗ್ಗೆ, ಟ್ರ್ಯಾಕ್ಟರ್ ಟೈರಿಗೆ ಗಾಳಿ ಹಿಡಿಯುತ್ತಾ ಇದ್ದಾಗ. ಕಂಪ್ರೆಸರ್ ಓಡುತ್ತಲೇ ಇತ್ತಂತೆ. ಎದುರಿನ ಹೋಟೆಲಿನವರು ಯಾಕೆ ಆಫ್ ಮಾಡಿಲ್ಲ ಎಂದು ನೋಡಲು ಬಂದು ಕಂಡರಂತೆ. ಎದೆ ನಿಂತಿತ್ತು.

ಮನೆಗೆ ಮೊದಲು ಬಂದವರು ಮಾವ. ಇಪ್ಪತ್ತು ವರ್ಷದ ಮೇಲೆ ನನ್ನ ಹೊಸಿಲು ತುಳಿದರು. "ಮಗಾ," ಎಂದರು. ಅಷ್ಟಕ್ಕೇ ನಾನು ಅವರ ಹೆಗಲಿಗೆ ಬಿದ್ದೆ. ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತರು. ಗಂಡ ಸತ್ತ ದಿನ ನನಗೆ ತವರು ಸಿಕ್ಕಿತು. ಅದೇ ಮಧ್ಯಾಹ್ನ ಆ ಮುದುಕರು ಅದೇ ಶಾಲು ಹಿಡಿದು ಬಂದು ನಿಂತರೆ ನಾನು ಇನ್ನೇನು ಹೇಳಬೇಕಿತ್ತು?

ಹಿರೇನಲ್ಲೂರಿನ ಹೊಲದ ಅಂಚಿನಲ್ಲಿ ಗುಣಿ ತೋಡಿದ್ದರು. ಕೂರಿಸಿ, ವಿಭೂತಿ ಹಾಕಿ, ಪತ್ರೆ ಹಾಕಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮುದುಕರು ಅಲ್ಲಿಗೂ ಬಂದಿದ್ದರು, ಯಾರ ಗಾಡಿಯಲ್ಲಿ ಬಂದರೋ. ಹತ್ತಿರ ಬರಲಿಲ್ಲ. ಬದುವಿನ ಆಚೆ ನಿಂತಿದ್ದರು. ಮಣ್ಣು ಮುಚ್ಚುವಾಗ ಕೋಲನ್ನು ಎಡಗೈಗೆ ಬದಲಾಯಿಸಿ ಬಲಗೈ ಮೇಲೆತ್ತಿದರು. ಎತ್ತಿದ ಕೈಯನ್ನು ಮಣ್ಣು ಮುಚ್ಚುವವರೆಗೂ ಇಳಿಸಲಿಲ್ಲ.

"ನೋಡ್ರೋ ಏಣಿ," ಎಂದು ಯಾರೋ ಅಂದರು. "ಈಗ ಯಾವ್ ಚೆಂಡು ತಾಗ್ತಂತೆ?"

ನಾಲ್ಕು ಜನ ಮುಖ ಆಚೆ ತಿರುಗಿಸಿಕೊಂಡು ನಕ್ಕರು. ನಾನು ನಗಲಿಲ್ಲ, ಆದರೆ ಆ ಕೈ ನೋಡಿ ಸಿಟ್ಟು ಬಂತು. ಗುಣಿಯ ಹತ್ತಿರವೂ ನಾಟಕವೇ ಎನ್ನಿಸಿತು.

ಆಮೇಲೆ ಮಾವ ದಿನ ಬಿಟ್ಟು ದಿನ ಬರತೊಡಗಿದರು. ಅತ್ತೆ ರೊಟ್ಟಿ ಕಳಿಸುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಮಾವ ಹೇಳಿದರು, "ಮಂಡಿ ಹಿಂದ್ಗಡೆ ಮನೆ ಖಾಲಿ ಐತೆ. ಕಾರ್ತಿಕ ಕಳೀಲಿ, ಬಂದು ಇದ್ಬಿಡು. ಒಬ್ಬಳೇ ಎಷ್ಟು ದಿನ ಇರ್ತೀಯಾ?" ನಾನು ಆಗಲಿ ಎಂದೆ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಲು ಶುರು ಮಾಡಿದೆ.

ಹಾಗೆ ತುಂಬುತ್ತಿದ್ದಾಗ ಇವರ ಮೊಬೈಲ್ ಕೈಗೆ ಬಂತು. ಯಾವುದೋ ನಂಬರ್ ಹುಡುಕಲು ಚಾರ್ಜ್ ಹಾಕಿ ತೆಗೆದೆ. ಫೋಟೋಗಳಲ್ಲಿ ಹೆಚ್ಚಿನವು ಟೈರಿನವು, ಟ್ಯೂಬಿನವು. ನಡುನಡುವೆ ತರೀಕೆರೆಯ ಕೋರ್ಟು. ಪ್ರತಿ ಸಲವೂ ಹಿಂದೆ ಕೆಂಪು ಹಳದಿ ಬಾವುಟ ಇತ್ತು, ಅಂದರೆ ಪ್ರತಿ ವರ್ಷದ ರಾಜ್ಯೋತ್ಸವ. ಆ ದಿನ ಇವರು ಟ್ಯೂಬ್ ತರಲು ಶಿವಮೊಗ್ಗಕ್ಕೆ ಎಂದು ನನಗೆ ಹೇಳಿ ಹೋಗುತ್ತಿದ್ದರು. ಫೋಟೋದಲ್ಲಿ ಉದ್ದ ಒಂದು ಕಡೆ, ಗಿಡ್ಡ ಇನ್ನೊಂದು ಕಡೆ, ನಡುವೆ ಇವರು. ಶಾಲು ಇವರ ಮೈಮೇಲೆ. ಇವರು ತಲೆ ತಗ್ಗಿಸಿ ನಗುತ್ತಿದ್ದಾರೆ. ಕೊನೆಯ ಎರಡು ವರ್ಷದ ಫೋಟೋಗಳಲ್ಲಿ ಗಿಡ್ಡನೆಯವರಿಲ್ಲ, ಅವರ ಹಾರ ಹಾಕಿದ ಪಟವನ್ನು ಇವರು ಎದೆಗೆ ಹಿಡಿದುಕೊಂಡಿದ್ದಾರೆ. ಶಾಲು ಇವರ ಮೈಮೇಲೇ ಇದೆ.

ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ನನಗೆ ಸುಳ್ಳು ಹೇಳಿದ್ದರು. ನನ್ನ ತವರಿನ ಬಾಗಿಲು ಮುಚ್ಚಿಸಿದ ಬಟ್ಟೆಯನ್ನು ವರ್ಷಕ್ಕೊಂದು ಸಲ ಹೋಗಿ ಹೊದ್ದು ನಗುತ್ತಿದ್ದರು. ಮೊಬೈಲನ್ನು ಚೀಲದ ತಳಕ್ಕೆ ಎಸೆದೆ. ಮತ್ತೆ ತೆಗೆದು ನೋಡಿದೆ. ಮದುವೆಯಾದ ಮೇಲೆ ಇವರು ನನ್ನ ಎದುರಿಗೆ ಹಾಗೆ ನಕ್ಕದ್ದು ನನಗೆ ನೆನಪಿಗೆ ಬರಲಿಲ್ಲ. ಎಷ್ಟು ನೋಡಿದರೂ ಅದೇ. ನಾನು ಬೇಡ ಎಂದು ಕಳಿಸಿದ್ದು ಏಣಿಯ ಶಾಲನ್ನಲ್ಲ, ಇವರದನ್ನೇ ಎಂದು ಮೂರನೆಯ ದಿನಕ್ಕೆ ಒಪ್ಪಿಕೊಂಡೆ. ಅದನ್ನು ತಂದು ಹಿರೇನಲ್ಲೂರಿನ ಗದ್ದುಗೆಯ ಮೇಲೆ ಹೊದಿಸಬೇಕು ಎಂದುಕೊಂಡೆ. ಮಾವನಿಗೆ ತಿಳಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತು. ತಿಳಿಯದಿರಲಿ ಎಂದೇ ಬೆಳಗಿನ ರೈಲಿಗೆ ಹೋದೆ. ಅವತ್ತು ರಾಜ್ಯೋತ್ಸವ.

ತರೀಕೆರೆಯಲ್ಲಿ ಇಳಿದು ಕೋರ್ಟು ಎಲ್ಲಿ ಎಂದು ಕೇಳಿಕೊಂಡು ಹೋದೆ. ಮುದುಕರು ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಅಮೃತಾಪುರದಿಂದ ಬಸ್ಸಿಗೆ ಬಂದಿರಬೇಕು. ಇವರು ಬರುತ್ತಿದ್ದ ದಿನ ಎಂದು ಬಂದು ಕೂತಿದ್ದರೋ ಏನೋ. ನನ್ನನ್ನು ನೋಡಿ ಏಳಲಿಲ್ಲ.

"ಕಡೂರಿಂದ ಬಂದೆ," ಎಂದೆ.

"ಗೊತ್ತಾಯ್ತು. ಏನ್ ಬೇಕಿತ್ತು?"

"ಶಾಲು."

"ಯಾವ ಶಾಲು? ಹೆಣದ ಮುಂದೆ ನಿಂತ್ಕಂಡು ತಗೊಂಡೋಗಿ ಅಂದ್ಯಲ್ಲ, ಅದಾ?"

ನಾನು ಹೂಂ ಎಂದೆ.

"ನನ್ ಹತ್ರ ಇಲ್ಲ. ಸತ್ತೋರಿಗೆ ಅಂತ ಒಯ್ದಿದ್ದನ್ನ ಮನೆ ಒಳಗೆ ವಾಪಸ್ ತರಾಕಾಗುತ್ತೇನವ್ವ? ಸೊಸೆ ಬಾಗಿಲಾಗೇ ನಿಲ್ಸಿದ್ಲು, ಬಿಸಾಕಿ ಬಾ ಅಂದ್ಲು. ಅವ್ಳದೇನ್ ತಪ್ಪು?" ಕೋಲಿನಿಂದ ರಿಂಗಿನ ಕಂಬ ತೋರಿಸಿದರು. "ಅಲ್ಲೈತೆ. ಅವ್ನು ಕಟ್ಟಿದ್ ಟೈರಿನ ಒಳಗೆ. ಮೇಲಿಂದ ತುರುಕಿದೆ. ನನ್ ಉದ್ದ ಅದುಕ್ಕಾದ್ರೂ ಬಂತು. ಬೇಕಾದ್ರೆ ಬಿಚ್ಕೊ. ನಾನು ಬಿಚ್ಚಲ್ಲ."

ಕಂಬದ ಹತ್ತಿರ ಹೋದೆ. ಟೈರಿನ ಸೀಳುಗಳು ಒಂದರ ಮೇಲೊಂದು ನನ್ನ ತಲೆಗಿಂತ ಎತ್ತರಕ್ಕಿದ್ದವು. ಕಂಬಕ್ಕೂ ಟೈರಿಗೂ ನಡುವಿನ ಸಂದಿಯಲ್ಲಿ ಕೆಂಪು ಅಂಚು ಕಾಣುತ್ತಿತ್ತು. ಬೆರಳು ಹಾಕಿದೆ. ಇಡೀ ಮಳೆಗಾಲದ ನೀರು ಕುಡಿದು ತಣ್ಣಗೆ, ಭಾರವಾಗಿತ್ತು. ಟೈರಿನ ಕಪ್ಪು ಹತ್ತಿ ಅರಿಶಿನ ಬಣ್ಣವೇ ಇರಲಿಲ್ಲ. ಎಳೆದರೆ ಬರಲಿಲ್ಲ. ಟೈರು ಬಿಚ್ಚಬೇಕಿತ್ತು. ಟೈರನ್ನು ಕಟ್ಟಿದ್ದು ಟ್ಯೂಬಿನ ಪಟ್ಟಿಗಳಿಂದ, ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ತೂರಿಸಿದ ಗಂಟು.

ಆ ಗಂಟು ನನಗೆ ಗೊತ್ತು. ನಮ್ಮ ಮನೆಯ ಬಟ್ಟೆ ಒಣಹಾಕುವ ಹಗ್ಗಕ್ಕೆ ಇದೆ, ನೀರಿನ ಪೈಪಿಗೆ ಇದೆ, ನನ್ನ ಹೊಲಿಗೆ ಯಂತ್ರದ ಕಾಲಿಗೆ ಇದೆ. ಎಷ್ಟೋ ಸಲ ಬಿಚ್ಚಲಾಗದೆ ಬೈದುಕೊಂಡಿದ್ದೇನೆ. ಅಲ್ಲಿ ನಿಂತು ಒಂದು ಗಂಟಿನ ಮೇಲೆ ಉಗುರು ಇಟ್ಟೆ. ಅದು ಅವರ ಕೈಯ ಗಂಟು. ಬಿಚ್ಚಲಿಲ್ಲ. ಹೊರಗೆ ಇಣುಕುತ್ತಿದ್ದ ಅಂಚನ್ನು ಬೆರಳಿನಿಂದ ಒಳಗೆ ತಳ್ಳಿದೆ.

ವಾಪಸ್ ಬೆಂಚಿನ ಹತ್ತಿರ ಬಂದಾಗ ಮುದುಕರು ನನ್ನ ಬರಿಗೈ ನೋಡಿದರು. ತಾವಾಗಿಯೇ ಮಾತಾಡಿದರು.

"ಅವತ್ತು ನಾವು ತಗಾಬಾರ್ದಿತ್ತು. ಅಲ್ಲಿ ನಿಮ್ ಹಿರೀಕರು ಬುಟ್ಟಿ ಹಿಡ್ಕಂಡು ನಿಂತಿದ್ರಲ್ಲ, ಅವ್ರ ಮುಖ ಕಂಡಿತ್ತು ನಂಗೆ. ಬ್ಯಾಡ ಕಣಪ್ಪ ಅನ್ನಬಹುದಿತ್ತು. ಖುಷಿ ಆಗ್ಬಿಡ್ತು. ನಮ್ಮೂರಾಗೆ ನಮಗೆ ಯಾರೂ ಒಂದು ಟವೆಲ್ ಸೈತ ಹೊದಿಸಿರಲಿಲ್ಲ. ಇಬ್ರೂ ಒಂದೊಂದು ವರ್ಷ ಮನೇಲಿ ಮಡಿಕಂತಿದ್ವಿ. ಈ ಮನೆಯಿಂದ ಆ ಮನೆಗೆ ಹೋಗೋ ದಿನ ಮೊದ್ಲು ಅವ್ನಿಗೆ ಹೊದಿಸ್ತಿದ್ವಿ. ಅದೊಂದು ಮಾಡಿದ್ವಿ." ಕೋಲು ಊರಿ ಎದ್ದರು. "ಗುಣಿ ಹತ್ರ ಕೈ ಎತ್ತಿದ್ದು ಅವತ್ತು ತಗಂಡ ತಪ್ಪಿಗೆ. ನಿಂಗೆ ಅಂತ ಅಲ್ಲ."

"ನನ್ ತವರು ಹೋಯ್ತು ಅದ್ರಿಂದ," ಎಂದೆ. ಇಪ್ಪತ್ತು ವರ್ಷದಿಂದ ಈ ಮುದುಕರಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದೊಂದೇ.

"ಹೂಂ," ಎಂದರು. "ಅವ್ನು ಹೇಳ್ತಿದ್ದ."

ಅವರು ಕ್ಷಮೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಅವರು ಹೋದರು, ಸ್ಟೇಷನ್ನಿನ ಕಡೆ ನಾನು ಬಂದೆ.

ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಅಂಗಡಿಯ ಬಾಗಿಲು ತೆಗೆದು ಒಳಗೆ ಕೂತಿದ್ದೆ. ಮಾವನ ಫೋನು ಬಂತು.

"ಎಲ್ಲಿದ್ದೀಯಾ ಮಗಾ?"

"ಅಂಗಡಿ ಹತ್ರ ಮಾವ."

"ತರೀಕೆರೆ ಕಾಯಿ ವ್ಯಾಪಾರದೋನು ಫೋನ್ ಮಾಡಿದ್ದ. ಬೆಳಿಗ್ಗೆ ನಿನ್ನ ಅಲ್ಲಿ ಕೋರ್ಟ್ ಹತ್ರ ನೋಡಿದ್ನಂತೆ, ಆ ಏಣಿ ಜೊತೆ. ಥೂ, ನಿನ್ ಕಣ್ಣು ನೆಟ್ಟಗಿಲ್ಲ ಕಣಯ್ಯಾ, ನಮ್ ಹುಡುಗಿ ಅಲ್ಲಿಗ್ಯಾಕೆ ಹೋಗ್ತಾಳೆ ಅಂದೆ." ಆಮೇಲೆ ಕೇಳಿದರು, "ನೀನಲ್ಲ ತಾನೇ? ನಾಳೆ ಆ ಮನೆಗೆ ಸುಣ್ಣ ಬಳಿಯೋಕೆ ಆಳು ಬರ್ತಾನೆ. ಅಡಿಗೆಮನೆಗೆ ಯಾವ್ ಬಣ್ಣ ಅಂತ ಅತ್ತೆ ಕೇಳ್ತಾ ಇದಾಳೆ."

ಫೋನಿನಲ್ಲಿ ಮಂಡಿಯ ಸದ್ದು ಕೇಳುತ್ತಿತ್ತು. ಯಾರೋ ಕಾಯಿ ಸುಲಿಯುತ್ತಿದ್ದರು. ಮಾವ ಉತ್ತರಕ್ಕೆ ಕಾಯುತ್ತಿದ್ದರು. ಅಲ್ಲ ಎಂಬ ಒಂದು ಮಾತು ಸಾಕಿತ್ತು. ಅದನ್ನು ಅವರೇ ನನ್ನ ಬಾಯಿಯವರೆಗೆ ತಂದು ಇಟ್ಟಿದ್ದರು.

"ಅವನ ಕಣ್ಣು ನೆಟ್ಟಗೇ ಐತೆ ಮಾವ," ಎಂದೆ. "ನಾನೇ ಹೋಗಿದ್ದೆ."

ಕಾಯಿ ಸುಲಿಯುವ ಸದ್ದು ಇನ್ನೂ ನಾಲ್ಕೈದು ಸಲ ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.